ಪರ-ವಿರೋಧ: ಊದುವ ವಾದ್ಯ ಉಸಿರಿಗೆ ಒಳ್ಳೆಯದೇ?

ಪರ

ಸುಮ್ಮನೆ ಕೂತಾಗ ನಾವು ಒಂದು ಸಲಕ್ಕೆ ಎಳೆದುಕೊಳ್ಳುವುದು ಅರ್ಧ ಲೀಟರಿನಷ್ಟು ಗಾಳಿ. ಮುಂಬಯಿಯ ಕುರ್ಲಾದಲ್ಲೋ ಮಾಟುಂಗದಲ್ಲೋ ನಮ್ಮವರ ಮದುವೆಗೆ ಸ್ಯಾಕ್ಸೋಫೋನ್ ಊದುವವನಿಗೆ ಅಷ್ಟು ಸಾಕೇ? ಅದರ ನಾಲ್ಕೈದು ಪಟ್ಟು ಕ್ಷಣದಲ್ಲಿ ಎಳೆದು, ಹತ್ತು ಹನ್ನೆರಡು ಸೆಕೆಂಡು ಅಲುಗದಂತೆ ಬಿಡಬೇಕು. ಇದು ವ್ಯಾಯಾಮವಲ್ಲದೆ ಮತ್ತೇನು?

ಕೊಳಲು ಹಿಡಿದ ಮೊದಲ ವಾರವೇ ತಲೆ ಸುತ್ತುತ್ತದೆಂದು ಬಿಟ್ಟುಬಿಡುವವರುಂಟು. ತಪ್ಪು ಕೊಳಲಿನದಲ್ಲ, ತುಟಿಯದು. ತುಟಿಯ ಸಂದು ಅಗಲವಾದರೆ ಗಾಳಿ ಪೋಲಾಗುತ್ತದೆ. ಅದನ್ನು ತುಂಬಿಸಲು ಬೇಗಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳ ಕುಗ್ಗುತ್ತದೆ. ಕೊಳಲು ಕೆಳಗಿಟ್ಟು ಎರಡು ನಿಮಿಷ ಸುಮ್ಮನಿರಿ. ಆಮೇಲೆ ಸಂದನ್ನು ಅಕ್ಕಿಕಾಳಿನಷ್ಟು ಕಿರಿದು ಮಾಡಿ ಷಡ್ಜವೊಂದನ್ನೇ ಹಿಡಿಯಿರಿ. ಭುಜ ಏಳಬಾರದು, ಕೆಳಪಕ್ಕೆಲುಬು ಅಗಲಕ್ಕೆ ಹಿಗ್ಗಬೇಕು. ಶುರುವಿಗೆ ಐದು ನಿಮಿಷ ಧಾರಾಳ.

ಗಂಟಲಿಗೂ ಲಾಭವಿದೆ. ನಿದ್ರೆಯಲ್ಲಿ ಗಂಟಲು ಸಡಿಲಗೊಂಡು ಉಸಿರುಕಟ್ಟುವ 25 ಮಂದಿಯ ಮೇಲೆ ಸ್ವಿಟ್ಜರ್ಲೆಂಡಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ತಿಂಗಳು ಡಿಜೆರಿಡೂ (ಆಸ್ಟ್ರೇಲಿಯಾದ ಮೂಲನಿವಾಸಿಗಳ ಉದ್ದನೆಯ ಮರದ ಕೊಳವೆ ವಾದ್ಯ) ಊದಿದವರ ಹಗಲು ತೂಕಡಿಕೆ ತಗ್ಗಿತು.

ಶ್ವಾಸಕೋಶ ದೊಡ್ಡದಾಗುವುದಿಲ್ಲವಲ್ಲ ಎಂದು ಎದುರಿನವರು ಟೇಪು ಹಿಡಿದು ಬಂದಾರು. ಬರಲಿ. ಗರಡಿಗೆ ಹೋದ ಪೈಲ್ವಾನನ ಎಲುಬು ಉದ್ದವಾಗುತ್ತದೆಯೇ?

ವಿರೋಧ

ವಿರೋಧವಾಗಿ ಬರೆಯಿರಿ ಎಂದರು, ಬರೆಯುತ್ತಿದ್ದೇನೆ. ಕೊಳಲಿನ ಮೇಲೆ ನನಗೆ ದೂರಿಲ್ಲ. ಊದಿದ ಗಾಳಿಗೆ ಅದು ಅಡ್ಡ ನಿಲ್ಲುವುದಿಲ್ಲ. ತಕರಾರು ರೀಡಿನ (ಊದಿದಾಗ ಕಂಪಿಸುವ ತೆಳು ಪಟ್ಟಿ) ವಾದ್ಯಗಳದು. ಶಹನಾಯಿಯನ್ನು ಹೋಲುವ ಪಾಶ್ಚಾತ್ಯ ವಾದ್ಯ ಓಬೋದಂಥವುಗಳ ಕಿರಿದಾದ ಜೋಡಿ ರೀಡಿನಲ್ಲಿ ಗಾಳಿ ಹನಿಹನಿಯಾಗಿ ಹೋಗುತ್ತದೆ, ಎದೆಯಲ್ಲಿ ಒತ್ತಡ ಏರುತ್ತದೆ. ಒಂದು ಸಾಲು ಮುಗಿದಾಗ ಒಳಗೆ ಉಳಿದದ್ದು ಹಳಸಿದ ಗಾಳಿ. ಮೊದಲು ಅದನ್ನು ಬಿಡದೆ ಹೊಸದನ್ನು ಎಳೆದರೆ ಉಬ್ಬಸ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹರ್ನಿಯಾ ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ.

ಇನ್ನೊಂದು, ಮುಂಬಯಿಯ ಮಳೆಗಾಲ. ಜುಲೈಯಲ್ಲಿ ಸ್ಯಾಕ್ಸೋಫೋನನ್ನು ಒದ್ದೆಯಾಗಿಯೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಅದರ ತೂತು ಮುಚ್ಚುವ ಪ್ಯಾಡುಗಳ ಅಂಚಿಗೆ ಬೂಷ್ಟು ಬರುತ್ತದೆ. ಅದರ ಕಣಗಳು ಉಸಿರಿನೊಡನೆ ಒಳಹೋಗಿ ಕೆಲವರ ಶ್ವಾಸಕೋಶ ಊದಿಕೊಳ್ಳುತ್ತದೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. 2014ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ, ಚೀಲಕ್ಕೆ ಗಾಳಿ ಊದಿ ನುಡಿಸುವ ಬ್ಯಾಗ್‌ಪೈಪ್ ವಾದಕರೊಬ್ಬರ ವಾದ್ಯದೊಳಗೆ ಶಿಲೀಂಧ್ರಗಳು ಸಿಕ್ಕಿದ್ದವು.

ನುಡಿಸಿದ ಕೂಡಲೇ ರೀಡ್ ಬಿಚ್ಚಿ ಒರೆಸಿ, ಗಾಳಿಯಾಡುವ ಕಡೆ ಇಡಿ. ದಾರ ಕಟ್ಟಿದ ಬಟ್ಟೆಯನ್ನು ಕೊಳವೆಯೊಳಗೆ ಎರಡು ಸಲ ಎಳೆಯಿರಿ. ಮೌತ್‌ಪೀಸ್ ತೊಳೆಯಲು ತಣ್ಣೀರು, ಚೂರು ಸೋಪು ಸಾಕು. ಬಿಸಿನೀರು ಹಾಕಿದರೆ ಅದರ ಕಪ್ಪು ಎಬೊನೈಟ್ (ಗಟ್ಟಿ ರಬ್ಬರು) ಹಸಿರುಗಟ್ಟುತ್ತದೆ, ಕೆಟ್ಟ ವಾಸನೆಯೂ ಬರುತ್ತದೆ.