ನೆಲ ಮುಚ್ಚುವ ಗಿಡ ಎಲ್ಲಿ ನಿಲ್ಲುತ್ತದೆ?

ಗಿಡದ ಹುಚ್ಚಿರುವ ಸ್ನೇಹಿತರು ಆಗಾಗ ಕೇಳುತ್ತಾರೆ, "ಬೇಗ ಹಬ್ಬುವ ಗ್ರೌಂಡ್ ಕವರ್ ಯಾವುದಾದರೂ ಇದ್ದರೆ ಹೇಳಿ." ಹಬ್ಬಿದ್ದು ಎಲ್ಲಿ ನಿಲ್ಲಬೇಕು ಎಂದು ನಾನು ತಿರುಗಿ ಕೇಳಿದರೆ ಮಾತೇ ಇಲ್ಲ. ಗಿಡ ತರುವ ಮೊದಲು ಯೋಚಿಸಬೇಕಾದದ್ದು ಅದನ್ನೇ ಅಲ್ವಾ?

ನೆಲ ಮುಚ್ಚುವುದು ಬೇಡ ಎನ್ನುತ್ತಿಲ್ಲ. ಬರಿ ಮಣ್ಣು ಬಿಡುವುದರಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಆ ಏಟಿಗೆ ಮಣ್ಣಿನ ಸಣ್ಣ ಹೆಂಟೆಗಳು ಒಡೆದು ನುಣ್ಣಗಾಗಿ ಸಂದುಗಳಲ್ಲಿ ಕೂರುತ್ತದೆ. ಬಿಸಿಲಿಗೆ ಹೆಕ್ಕಳೆ ಕಟ್ಟುತ್ತದೆ. ಮುಂದಿನ ಮಳೆ ಇಂಗುವ ಬದಲು ಮೇಲುಮಣ್ಣನ್ನೂ ಎಳೆದುಕೊಂಡು ಹರಿದು ಹೋಗುತ್ತದೆ. ಜೋರು ಮಳೆಯ ಮರುದಿನ ಗುಲಾಬಿಯ ಕೆಳಗಿನ ಎಲೆಯನ್ನು ಮಗುಚಿ ನೋಡಿ. ಅಡಿಯಲ್ಲಿ ಕೆಸರಿನ ಚುಕ್ಕೆಗಳಿರುತ್ತವೆ. ಮಣ್ಣಿನಲ್ಲೂ ಉದುರಿದ ಎಲೆಗಳಲ್ಲೂ ಇದ್ದ ರೋಗದ ಶಿಲೀಂಧ್ರ ಮೇಲೆ ಹತ್ತುವ ದಾರಿಗಳಲ್ಲಿ ಈ ಸಿಡಿಯುವ ಹನಿಯೂ ಒಂದು. ಕೆಳಗೆ ಗಿಡದ ಹೊದಿಕೆ ಇದ್ದರೆ ಹನಿಯ ಏಟು ಎಲೆಯ ಮೇಲೇ ಮುಗಿಯುತ್ತದೆ.

ಆದರೆ ಎಂಥ ಹೊದಿಕೆ? ಹಳದಿ ಹೂವಿನ ವೆಡೇಲಿಯಾ ನೋಡಿರುತ್ತೀರಿ. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ಕಡೆಯ ಗಿಡ. ಚೆಂದಕ್ಕೆಂದು ಊರೂರು ಸುತ್ತಿ, ಈಗ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಕೂತಿದೆ. ಅದರ ಒಂದು ಬಳ್ಳಿ ಎತ್ತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ನೆಲಕ್ಕೆ ತಾಗಿದ ಗೆಣ್ಣುಗಳಿಂದ ಬಿಳಿ ಬೇರು ಇಳಿದಿರುತ್ತದೆ. ಕಿತ್ತಾಗ ಬಳ್ಳಿ ಗೆಣ್ಣಿನ ಹತ್ತಿರ ಪಟಕ್ಕನೆ ತುಂಡಾಗುತ್ತದೆ, ಉಳಿದ ತುಂಡು ಮತ್ತೆ ಚಿಗುರುತ್ತದೆ. ಕಿತ್ತದ್ದನ್ನು ಬೇಲಿಯಾಚೆ ಎಸೆದರೆ ಅಲ್ಲೂ ಶುರು. ಒದ್ದೆ ಜಾಗ ಸಿಕ್ಕರಂತೂ ಅಲ್ಲಿದ್ದ ಸಣ್ಣಪುಟ್ಟ ಗಿಡಗಳ ಕಥೆ ಮುಗಿಯಿತು. ಇದನ್ನು ಈಗಲೂ "ಮೇಂಟೆನೆನ್ಸೇ ಬೇಡ" ಎಂದು ಮಾರುತ್ತಾರಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ.

ಬೇರೆ ಗಿಡಗಳು ಬೇಕಾದಷ್ಟಿವೆ, ಜಾಗ ನೋಡಿ ಆರಿಸಬೇಕು ಅಷ್ಟೇ. ಬಿಸಿಲಿರುವಲ್ಲಿ ನೆಲಹಿಪ್ಪಲಿ ನನಗೆ ಇಷ್ಟ. ನೆಲಕ್ಕೇ ಅಂಟಿಕೊಂಡು ಬೆಳೆಯುತ್ತದೆ, ಆಗೊಮ್ಮೆ ಈಗೊಮ್ಮೆ ತುಳಿದರೂ ತಡೆಯುತ್ತದೆ, ಕಡಲೆಕಾಳಿನಷ್ಟು ಹೂಗೊಂಚಲಿಗೆ ಜೇನುನೊಣಗಳು ಮುತ್ತುತ್ತವೆ. ಹಣ್ಣಿನ ಮರಗಳ ನಡುವೆ ನೆಲಗಡಲೆಯ ನೆಂಟನಾದ ಪಿಂಟೋ ಕಡಲೆ ಒಳ್ಳೆಯದು. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಆದರೆ ಇವೆರಡೂ ಹರಿದಾಡುವ ಗಿಡಗಳೇ, ಅಂಚನ್ನು ಆಗಾಗ ಕತ್ತರಿಸಲೇಬೇಕು. ತೇವ ಇರುವ ನೆರಳಿಗೆ ಒಂದೆಲಗ. ದಟ್ಟ ಮರದಡಿ ಹುಲ್ಲು ಹಾಸಲು ಹೋಗಿ ವರ್ಷವರ್ಷ ಹೊಸ ಹಾಸು ತರುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಅಲ್ಲಿ ಮಾಂಡೋ ಗ್ರಾಸ್ ಹಾಕಿ; ಹೆಸರಿಗೆ ಗ್ರಾಸ್, ನಿಜವಾಗಿ ಹುಲ್ಲಲ್ಲ. ನಿಧಾನ, ಆದರೆ ಕೊಟ್ಟ ಜಾಗ ಬಿಟ್ಟು ಓಡಿಹೋಗುವುದಿಲ್ಲ. ಟೇಬಲ್ ರೋಸ್ ಚೆಂದವೇ, ಬಿಸಿಲಿಗೆ ಮಾತ್ರ ಅರಳುತ್ತದೆ. ನಡುನಡುವೆ ಬೋಳಾಗುವ ಆ ಗಿಡವನ್ನು ನಾನು ಹೊದಿಕೆ ಎಂದು ಒಪ್ಪುವುದಿಲ್ಲ.

ಹಾಗಂತ ಲಾನ್ ಕಿತ್ತುಹಾಕಿ ಎಲ್ಲ ಕಡೆ ಇವನ್ನೇ ಹಾಕಿ ಎನ್ನುವವರ ಜೊತೆಗೂ ನಾನಿಲ್ಲ. ಮಕ್ಕಳು ಓಡಾಡಿ ಆಡುವ ಜಾಗಕ್ಕೆ ಹುಲ್ಲೇ ಸರಿ. ದಿನವಿಡೀ ತುಳಿತ ತಡೆಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ.

"ಗ್ರೌಂಡ್ ಕವರ್ ಹಾಕಿದರೆ ಕಳೆ ಬರುವುದಿಲ್ಲ" ಎಂಬ ಮಾತು ಅರ್ಧ ಮಾತ್ರ ನಿಜ. ಎಷ್ಟೋ ಕಳೆಗಳ ಸಣ್ಣ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ನೆಲ ಪೂರ್ತಿ ಮುಚ್ಚಿದರೆ ಅವು ಹುಟ್ಟುವುದು ಕಡಿಮೆ. ಪೂರ್ತಿ ಮುಚ್ಚುವವರೆಗೆ ಕಳೆ ಕೀಳುವ ಕೆಲಸ ನಮ್ಮದೇ. ಸಸಿಗಳ ನಡುವೆ ಒಣ ಎಲೆ ಹರಡಿದರೆ ಆ ಕೆಲಸ ಸ್ವಲ್ಪ ಹಗುರ. ಬೇಗ ಮುಚ್ಚಲಿ ಎಂದು ತೀರಾ ಒತ್ತೊತ್ತಾಗಿ ನೆಟ್ಟರೆ ಆಮೇಲೆ ಗಾಳಿಯಾಡದೆ ಕೊಳೆಯುತ್ತವೆ. ಜೇಕು ಎಂಬ ಗಡ್ಡೆಕಳೆ ಇದ್ದರಂತೂ ನೆಡುವ ಕೆಲಸ ಮುಂದಕ್ಕೆ ಹಾಕಿ. ಅದರ ಗಡ್ಡೆಗಳು ಮಣ್ಣೊಳಗೆ ಸರದಂತೆ ಪೋಣಿಸಿಕೊಂಡಿರುತ್ತವೆ, ಚೂಪು ಮೊಳಕೆ ಎಂಥ ಹೊದಿಕೆಯನ್ನೂ ಸೀಳಿ ಮೇಲೆ ಬರುತ್ತದೆ. ಗಿಡ ಹಬ್ಬಿದ ಮೇಲೆ ಗಡ್ಡೆ ಅಗೆಯಲು ಹೋದರೆ ನೆಟ್ಟದ್ದೂ ಜೊತೆಗೇ ಕಿತ್ತು ಬರುತ್ತದೆ. ಮೊದಲು ನೆಲ ಅಗೆದು ಗಡ್ಡೆ ಆರಿಸಿ, ಮತ್ತೆ ಮೊಳೆತದ್ದನ್ನೂ ತೆಗೆದು, ಆಮೇಲೆ ಸಸಿ ತನ್ನಿ.