ಬಾಟಲಿಗೆ ಇಬ್ಬರ ಸಹಿ

ಕೆರೆಗೆ ವಿಷ ಬಿಡುವುದು ಸುಲಭ. ಆ ವಿಷವನ್ನು ಒಂದು ಬಾಟಲಿಗೆ ತುಂಬಿಸುವುದಿದೆಯಲ್ಲ, ಅದರ ಮುಂದೆ ಮದುವೆ ಶಾಸ್ತ್ರವೂ ಸಪ್ಪೆ.

ನಂಬಿಕೆ ಬಾರದಿದ್ದರೆ ನೀರಿನ ಮಾಲಿನ್ಯ ತಡೆಯಲೆಂದೇ ಇರುವ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ತೆರೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಬಂದು ಕಾರ್ಖಾನೆಯ ಪೈಪಿಗೆ ಬಾಟಲಿ ಹಿಡಿದರೆ ಸಾಲದು. 'ಸ್ವಾಮಿ, ತಮ್ಮ ಕೊಳಚೆಯನ್ನು ಪರೀಕ್ಷೆಗೆ ಒಯ್ಯಬೇಕೆಂದಿದ್ದೇನೆ' ಎಂದು ಮಾಲೀಕರಿಗೆ ನಿಂತ ಜಾಗದಲ್ಲೇ ನೋಟಿಸ್ ಕೊಡಬೇಕು. ಅವರು ಬಯಸಿದರೆ ಕಣ್ಣೆದುರೇ ಎರಡು ಪಾಲು ಮಾಡಬೇಕು (ಅಣ್ಣತಮ್ಮಂದಿರ ಆಸ್ತಿಯೂ ಇಷ್ಟು ಅಚ್ಚುಕಟ್ಟಾಗಿ ಪಾಲಾಗುವುದಿಲ್ಲ). ಎರಡಕ್ಕೂ ಗುರುತು, ಸೀಲು, ಇಬ್ಬರ ಸಹಿ. ಈ ಉಪಚಾರದಲ್ಲಿ ಲೋಪವಾಯಿತೋ, ಬಾಟಲಿಯಲ್ಲಿ ಹಾಲಾಹಲವೇ ಸಿಕ್ಕರೂ ವರದಿ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಅಧಿಕಾರಿಯೇ ಏನಾದರೂ ಬೆರೆಸಿಬಿಟ್ಟರೆ ಎಂಬ ಅನುಮಾನ ಕಾಯ್ದೆಗೆ, ಇರಲಿ, ತಪ್ಪಲ್ಲ. ಆದರೆ ಮಾಲೀಕರು ಕೆರೆಗೆ ಬೆರೆಸುವಾಗ ಯಾರ ಸಹಿಯನ್ನೂ ಕೇಳಿರಲಿಲ್ಲ.

ಇಷ್ಟೆಲ್ಲ ದಾಟಿ ತಪ್ಪು ಸಾಬೀತಾದರೆ ಒಂದೂವರೆಯಿಂದ ಆರು ವರ್ಷ ಜೈಲು ಎಂದಿತ್ತು. 2024ರ ತಿದ್ದುಪಡಿ, ಒಪ್ಪಿಕೊಂಡ ರಾಜ್ಯಗಳ ಮಟ್ಟಿಗೆ, ಅದನ್ನು 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡಕ್ಕೆ ಇಳಿಸಿತು. ಮೊದಲು ಶಿಕ್ಷೆಯಿತ್ತು, ಈಗ ದರಪಟ್ಟಿಯಿದೆ. ಶುದ್ಧೀಕರಣ ಘಟಕದ ಕರೆಂಟ್ ಬಿಲ್ ಪಕ್ಕದಲ್ಲಿಟ್ಟು ಯಾವುದು ಅಗ್ಗ ಎಂದು ಲೆಕ್ಕ ಹಾಕಬಹುದು.

ಬೆಂಗಳೂರಿನ ಬೆಳ್ಳಂದೂರು ಕೆರೆಯ ಕಥೆ ಇನ್ನೂ ಮಜವಾಗಿದೆ. ಅಲ್ಲಿ ಹರಿದದ್ದು ಬಹುಪಾಲು ಊರಿನದೇ ಕೊಳಚೆ. ಹಾಗಾಗಿ ನೋಟಿಸ್ ಕೊಡುವುದೂ ಸರ್ಕಾರ, ಇಸಿದುಕೊಳ್ಳುವುದೂ ಸರ್ಕಾರ. 2015ರಲ್ಲಿ ನೀರಿನ ಮೇಲೆ ಬೆಂಕಿ ಕಾಣಿಸಿತು, 2017ರಲ್ಲಿ ಮತ್ತೆ. 2018ರ ಜನವರಿಯಲ್ಲಂತೂ ಆರಿಸಲು ಸೇನೆಯ ಸಾವಿರಾರು ಯೋಧರೇ ಇಳಿಯಬೇಕಾಯಿತು. ಅದೇ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ದಂಡ ಜಡಿಯಿತು. ಭಲೇ ಎಂದು ಚಪ್ಪಾಳೆ ತಟ್ಟಿದೆವು. ತಟ್ಟಿ ಮುಗಿದ ಮೇಲೆ ತಡವಿದರೆ ನಮ್ಮದೇ ಜೇಬು.

ಪಾಪ, ಮಾದರಿ ಹಿಡಿಯುವ ಕಷ್ಟ ನೋಡಲಾರದೆ ಆ ಕೆರೆ ತಾನೇ ನೊರೆಯಾಗಿ ಎದ್ದು, ದಂಡೆ ಹತ್ತಿ, ರಸ್ತೆಗೇ ಬಂದು ವಾಹನಗಳ ಗಾಜಿಗೆ ಮೆತ್ತಿಕೊಂಡಿತ್ತು. ನೋಟಿಸಿಲ್ಲ, ಸೀಲಿಲ್ಲ, ಸಹಿಯಿಲ್ಲ. ಕಾಯ್ದೆಯ ಕಣ್ಣಿಗೆ ಅದು ಸಾಕ್ಷಿ ಹೇಗಾದೀತು? ಆದರೂ ಆಡಳಿತ ಕೈಕಟ್ಟಿ ಕೂರಲಿಲ್ಲ. ಕೆರೆಯಂಚಿಗೆ ಉದ್ದಕ್ಕೂ ಬಲೆ ಕಟ್ಟಿಸಿತು. ಮೀನಿಗಲ್ಲ, ನೊರೆಗೆ.