ಪಹಣಿಯಲ್ಲಿ ಹೆಸರಿಲ್ಲದವನ ಬರ

2024ರ ಜನವರಿಯಲ್ಲಿ ಅರಸೀಕೆರೆ ಕಡೆಯ ನಮ್ಮೂರಿಂದ ಅವ್ವ ಫೋನ್ ಮಾಡಿದ್ದಳು. ಬರ ಪರಿಹಾರದ ಮೊದಲ ಕಂತು 2,000 ರೂಪಾಯಿ ಖಾತೆಗೆ ಬಿದ್ದಿತ್ತು. ದನಿಯಲ್ಲಿ ಖುಷಿಯಿರಲಿಲ್ಲ. “ಒಣಗಿದ್ದು ನನ್ ರಾಗಿ ಅಲ್ಲ ಕಣಪ್ಪ, ಕೆಳಗಲಮನೆ ಅಣ್ಣಂದು. ದುಡ್ಡು ನೋಡಿದ್ರೆ ನಂಗ್ ಬಂದದೆ” ಅಂದಳು.

ಅಪ್ಪ ಹೋದಮೇಲೆ ನಮ್ಮ ಎರಡೆಕರೆಯನ್ನು ಕೆಳಗಲಮನೆ ಮಾವ ಗುತ್ತಿಗೆಗೆ ಮಾಡುತ್ತಿದ್ದಾರೆ. ಗುತ್ತಿಗೆ ಹಣ ಯುಗಾದಿಗೇ ಕೊಟ್ಟಿದ್ದರು. ಉಳುಮೆ, ಬೀಜ, ಗೊಬ್ಬರ ಎಲ್ಲ ಅವರದೇ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ 2023ರಲ್ಲಿ ಅವರ ಪೈರು ಮೊಣಕಾಲೆತ್ತರವೂ ಏಳಲಿಲ್ಲ. ಆದರೆ ಪಹಣಿ ಇರುವುದು ಅವ್ವನ ಹೆಸರಲ್ಲಿ. ಪಿಎಂ ಕಿಸಾನ್‌ನ ವರ್ಷದ 6,000 ಕೂಡ ಅವ್ವನಿಗೇ.

ನಾನಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಮೆಕ್ಲೀನ್ ಕೌಂಟಿಯಲ್ಲಿ, ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು. ಬ್ಲೂಮಿಂಗ್ಟನ್ ದಾಟಿದರೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳ, ಸೋಯಾ. ನಮ್ಮ ಬೀದಿಯ ನಿವೃತ್ತ ಟೀಚರೊಬ್ಬರಿಗೆ ತಂದೆಯಿಂದ ಬಂದ 80 ಎಕರೆ ಇದೆ, ನಗದು ಗುತ್ತಿಗೆಗೆ ಕೊಟ್ಟಿದ್ದಾರೆ. ಸರ್ಕಾರದ ದುಡ್ಡು ನಿಮಗೆಷ್ಟು ಬರುತ್ತದೆ ಎಂದು ಕೇಳಿದೆ. ಬೆಳೆಯುವವನಿಗೆ ಬರುತ್ತದೆ, ನನಗ್ಯಾಕೆ ಕೊಡುತ್ತಾರೆ ಎಂದು ಅವರೇ ಅಚ್ಚರಿಪಟ್ಟರು. ನನಗೆ ಅವ್ವನ ಫೋನು ನೆನಪಾಯಿತು.

ಇಲ್ಲಿನ 2014ರ ಕೃಷಿ ಕಾಯ್ದೆಯಲ್ಲಿ ಬಂದ ಎರಡು ಯೋಜನೆಗಳಲ್ಲಿ ಒಂದು ಬೆಲೆ ಕುಸಿದಾಗ, ಇನ್ನೊಂದು ಬೆಳೆಯ ಆದಾಯ ಇಳಿದಾಗ ಹಣ ಕೊಡುತ್ತದೆ. ಎರಡರಲ್ಲೂ ನೋಡುವುದು ನಷ್ಟ ಯಾರ ಮೈಮೇಲೆ ಬೀಳುತ್ತದೆ ಎಂಬುದನ್ನು. ನಗದು ಗುತ್ತಿಗೆಯಾದರೆ ಹಣವೆಲ್ಲ ಗುತ್ತಿಗೆದಾರನಿಗೆ. ನಮ್ಮ ವಾರದ ಪದ್ಧತಿಯ ಹಾಗೆ ಬೆಳೆ ಹಂಚಿಕೊಳ್ಳುವುದಾದರೆ ಅದೇ ಪಾಲಿನಲ್ಲಿ ಇಬ್ಬರಿಗೂ. ಗುತ್ತಿಗೆಯ ವಿವರ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ ಎಂಬ ಸಂಸ್ಥೆಯ ಕೌಂಟಿ ಕಚೇರಿಯಲ್ಲಿ ದಾಖಲಾಗಿರುತ್ತದೆ.

ಇಷ್ಟು ಸಣ್ಣ ಕೆಲಸ ನಮ್ಮಲ್ಲಿ ಯಾಕಾಗುವುದಿಲ್ಲ? ಭೂದಾಖಲೆಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದವರು ನಾವು. ಹೊಲ ಯಾರದೆಂದು ಗುಂಟೆ ಲೆಕ್ಕದಲ್ಲಿ ಹೇಳಬಲ್ಲ ಸರ್ಕಾರಕ್ಕೆ, ಈ ಸಲ ಅದರಲ್ಲಿ ಬಿತ್ತಿದವರು ಯಾರು ಎಂಬುದು ಬೇಡವಾಗಿದೆ. ನಮ್ಮ ಹೊಲದ ಲೆಕ್ಕದಲ್ಲಿ ಬಿತ್ತುವ ಮಾವ ಯಾವ ಪಟ್ಟಿಯಲ್ಲೂ ಇಲ್ಲ. ನನಗೆ ಇದು ಸಂಕಟ ತರುತ್ತದೆ, ಹೊಲ ನಮ್ಮದೇ ಆಗಿರುವುದರಿಂದ ಇನ್ನೂ ಹೆಚ್ಚು.

ಹಾಗೆಂದು ಅಮೆರಿಕದಲ್ಲಿ ಎಲ್ಲ ನ್ಯಾಯವಾಗಿದೆ ಎನ್ನಲಾರೆ. ಹೆಚ್ಚು ಎಕರೆಯವನಿಗೇ ಹೆಚ್ಚು ಹಣ. ಸಾಲದಲ್ಲಿ, ನೆರವಿನಲ್ಲಿ ತಾರತಮ್ಯ ಮಾಡಿದರೆಂದು ಕಪ್ಪು ರೈತರು ಕೃಷಿ ಇಲಾಖೆಯನ್ನು ಕೋರ್ಟಿಗೆ ಎಳೆಯಬೇಕಾಯಿತು, ರಾಜಿಯಾದದ್ದು 1999ರಲ್ಲಿ. ನಮ್ಮೂರಲ್ಲಿ ಗುತ್ತಿಗೆ ಬಾಯಿಮಾತಿನಲ್ಲೇ ಉಳಿಯಲು ಕಾರಣವೂ ಇದೆ. 1974ರ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿ ಉಳುವವನಿಗೆ ಹೊಲ ಕೊಟ್ಟಿತು. ಬರೆದುಕೊಟ್ಟರೆ ಹೊಲ ಹೋಯಿತು ಎಂಬ ಭಯ ಅಂದಿನದು, ಅವ್ವನಿಗೂ ಇದೆ. ಆದರೆ ಕೆಳಗಲಮನೆಯವರಿಗೆ ಸ್ವಂತದ್ದು ಅಂತ ಇರುವ ಒಂದೆಕರೆ ಬಂದದ್ದೂ ಆ ಕಾನೂನಿನಿಂದಲೇ. ಟೀಚರ ಹೊಲ ಮಾಡುವವನಿಗೆ ಅಂಥ ದಿನ ಬಂದದ್ದಿಲ್ಲ.

ಅವ್ವ ಆ 2,000ವನ್ನು ಬ್ಯಾಂಕಿನಿಂದ ತಂದು ಮಾವನ ಮುಂದಿಟ್ಟಳು. ಅವರು ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಬಂದು, “ಸಾಲ ಅಂತ ಕೊಡವ್ವ, ತಗೋತೀನಿ” ಅಂದರಂತೆ.